ಹಲ್ಲಿನ ಪತ್ರಿಕೆಯ ಖರ್ಚು ಯಾರ ಲೆಕ್ಕಕ್ಕೆ?

2025ರ ಜನವರಿಯ ಒಂದು ಭಾನುವಾರ ನನ್ನ ತಂಗಿಯ ಮಗಳು ಮನೆಗೆ ಬಂದಿದ್ದಳು. ಖಾಸಗಿ ದಂತ ವೈದ್ಯಕೀಯ ಕಾಲೇಜೊಂದರ ಸಮುದಾಯ ದಂತ ಆರೋಗ್ಯ ವಿಭಾಗದಲ್ಲಿ ಆಕೆ ಸೀನಿಯರ್ ಲೆಕ್ಚರರ್. ಊಟವಾದ ಮೇಲೆ ಬಹಳ ಹೊತ್ತು ಅದೂ ಇದೂ ಮಾತನಾಡಿ, ಹೊರಡುವ ವೇಳೆಗೆ, ‘ಮಾಮ, ಇಪ್ಪತ್ತೆರಡು ಸಾವಿರ ರೂಪಾಯಿ ಬೇಕಾಗಿತ್ತು. ಏಪ್ರಿಲ್ ಒಳಗೆ ಹಿಂದಿರುಗಿಸುತ್ತೇನೆ’ ಎಂದಳು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇನೋ ಎಂದು ನಾನು ಗಾಬರಿಯಾದೆ. ಅಂಥದ್ದೇನೂ ಇರಲಿಲ್ಲ. ಆಕೆಗೆ ರೀಡರ್ ಹುದ್ದೆಗೆ ಬಡ್ತಿಯ ಸಂದರ್ಶನ ಹತ್ತಿರ ಬಂದಿತ್ತು. ಪ್ರಕಟಣೆಯ ಅಂಕಗಳು ಕಡಿಮೆಯಿದ್ದವು. ಎರಡು ಲೇಖನಗಳನ್ನು ‘ಅಂತರರಾಷ್ಟ್ರೀಯ’ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಲು ಹಣ ಬೇಕಾಗಿತ್ತು.

ಆ ಪತ್ರಿಕೆಯಿಂದ ಬಂದಿದ್ದ ಮಿಂಚಂಚೆಯನ್ನು ಆಕೆ ತೋರಿಸಿದಳು. ‘ಪರಮಪೂಜ್ಯ ಪ್ರಾಧ್ಯಾಪಕರೇ’ ಎಂದು ಪ್ರಾರಂಭವಾಗುವ ಆ ಪತ್ರ, ಹತ್ತು ದಿನಗಳಲ್ಲಿ ತಜ್ಞರ ಪರಿಶೀಲನೆ ಮುಗಿಸಿ ಪ್ರಕಟಿಸುವ ಭರವಸೆ ನೀಡಿತ್ತು. ದಂತ ವಿಜ್ಞಾನ, ಶುಶ್ರೂಷೆ, ಪಶುವೈದ್ಯ ಹಾಗೂ ವಾಣಿಜ್ಯ ನಿರ್ವಹಣೆ ಎಲ್ಲಕ್ಕೂ ಅದೊಂದೇ ಪತ್ರಿಕೆ. ಮೂವತ್ತೈದು ವರ್ಷ ಸರ್ಕಾರಿ ಕಡತಗಳನ್ನು ನೋಡಿದ ನನಗೆ, ಹತ್ತು ದಿನಗಳಲ್ಲಿ ಪರಿಶೀಲನೆ ಮುಗಿಯುವುದೆಂದರೆ ಪರಿಶೀಲನೆಯೇ ನಡೆಯುವುದಿಲ್ಲ ಎಂದು ಅರ್ಥಮಾಡಿಕೊಳ್ಳಲು ದಂತ ವಿಜ್ಞಾನ ಬೇಕಿರಲಿಲ್ಲ.

ನನ್ನನ್ನು ಕಾಡಿದ್ದು ಹಣಕ್ಕಿಂತ ಹೆಚ್ಚಾಗಿ ಆ ಲೇಖನದ ವಿಷಯ. ಪಾವಗಡದ ಕಡೆಯ ಎಂಟು ಹಳ್ಳಿಗಳ ಶಾಲಾ ಮಕ್ಕಳ ಹಲ್ಲುಗಳನ್ನು ಎರಡು ವರ್ಷಗಳ ಕಾಲ ಪರೀಕ್ಷಿಸಿ, ಫ್ಲೋರೈಡ್‌ನಿಂದ ಕಲೆಯಾದ ಹಲ್ಲುಗಳ ಲೆಕ್ಕವನ್ನು ಆಕೆ ತಯಾರಿಸಿದ್ದಳು. ಮೊದಲು ವಿದೇಶಿ ಪತ್ರಿಕೆಯೊಂದಕ್ಕೆ ಕಳುಹಿಸಿದ್ದಳು. ‘ವಿಷಯ ಸ್ಥಳೀಯ ಮಹತ್ವದ್ದು’ ಎಂಬ ಒಂದು ಸಾಲಿನೊಡನೆ ಒಂದೇ ವಾರದಲ್ಲಿ ಅದು ಹಿಂದಿರುಗಿತ್ತು. ಆ ಹಳ್ಳಿಗಳನ್ನು ನಾನು ಬಲ್ಲೆ. ಸೇವೆಯ ಆರಂಭದಲ್ಲಿ ಮಧುಗಿರಿಯಲ್ಲಿ ಉಪವಿಭಾಗಾಧಿಕಾರಿಯಾಗಿದ್ದಾಗ, ಅರ್ಜಿ ಕೊಡಲು ಬಂದ ಹೆಣ್ಣುಮಕ್ಕಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಾತನಾಡುವುದನ್ನು ಕಂಡು ಅದು ಗ್ರಾಮೀಣ ಸಂಕೋಚವೆಂದು ಭಾವಿಸಿದ್ದೆ. ಹಲ್ಲು ಕಂದಿರುವ ಊರಿನ ಹುಡುಗಿಯರಿಗೆ ಗಂಡು ಸಿಗುವುದು ಕಷ್ಟವೆಂದು ಗ್ರಾಮಲೆಕ್ಕಿಗನೊಬ್ಬ ಆಮೇಲೆ ವಿವರಿಸಿದ. ಇದನ್ನು ‘ಸ್ಥಳೀಯ’ ಎಂದು ಕರೆದವರ ಮೇಲೆ ನನಗೆ ಸಿಟ್ಟು ಬಂದಿತು. ಆದರೆ ಸಿಟ್ಟು ಮಾಡುವ ನೈತಿಕ ಹಕ್ಕು ನನಗಿತ್ತೇ ಎಂಬ ಪ್ರಶ್ನೆಯೂ ಜೊತೆಯಲ್ಲೇ ಎದ್ದಿತು.

ಏಕೆಂದರೆ 1991ರಲ್ಲಿ ನಾನು ಹಣಕಾಸು ಇಲಾಖೆಯಲ್ಲಿ ಅಧೀನ ಕಾರ್ಯದರ್ಶಿಯಾಗಿದ್ದೆ. ಆ ಜುಲೈನ ಮೊದಲ ವಾರದಲ್ಲಿ ರೂಪಾಯಿಯ ಮೌಲ್ಯವನ್ನು ಎರಡು ಬಾರಿ ಇಳಿಸಲಾಯಿತು. ವಿದೇಶಿ ಪತ್ರಿಕೆಗಳ ಚಂದಾ ರಾತ್ರೋರಾತ್ರಿ ಏರಿತು. ಸರ್ಕಾರಿ ವೈದ್ಯಕೀಯ ಶಿಕ್ಷಣ ಸಂಸ್ಥೆಯೊಂದರ ಗ್ರಂಥಾಲಯ ಹೆಚ್ಚುವರಿ ಅನುದಾನ ಕೋರಿ ಕಳುಹಿಸಿದ ಪಟ್ಟಿಯಲ್ಲಿ ‘ಜರ್ನಲ್ ಆಫ್ ಡೆಂಟಲ್ ರಿಸರ್ಚ್’ ಎಂಬ ಹೆಸರಿದ್ದುದು ನೆನಪಿದೆ. ‘ಹಲ್ಲಿಗೂ ಒಂದು ಸಂಶೋಧನೆಯೇ’ ಎಂದು ಪಕ್ಕದ ಮೇಜಿನ ಗೆಳೆಯರು ನಕ್ಕರು. ನಾನೂ ನಕ್ಕೆ. ‘ತುರ್ತು ಅಗತ್ಯ ಕಂಡುಬರುವುದಿಲ್ಲ’ ಎಂದು ಟಿಪ್ಪಣಿ ಬರೆದು ಕಡತವನ್ನು ಮೇಲಕ್ಕೆ ಕಳುಹಿಸಿದೆ. ಆ ಗ್ರಂಥಪಾಲಕರು ಖುದ್ದಾಗಿ ಬಂದು, ‘ಒಂದು ವರ್ಷ ನಿಂತರೆ ಹಿಂದಿನ ಸಂಪುಟಗಳ ಬೆಲೆಯೂ ಹೋಗುತ್ತದೆ ಸರ್’ ಎಂದು ಹೇಳಿದ್ದರು. ಅವರ ಮಾತಿನ ಅರ್ಥ ನನಗೆ ಆಗಿದ್ದು ಮೂರು ದಶಕಗಳ ನಂತರ, ಸೋದರ ಸೊಸೆಯ ನೆಪದಲ್ಲಿ ಆ ಪತ್ರಿಕೆಯ ಚರಿತ್ರೆಯನ್ನು ಓದಲು ಕುಳಿತಾಗ.

ಈ ಚರಿತ್ರೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳೂ ಓದಬೇಕಾದಂಥದ್ದು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ದಂತವೈದ್ಯರು ಓದುತ್ತಿದ್ದ ಪತ್ರಿಕೆಗಳಲ್ಲಿ ಬಹುಪಾಲು ಹಲ್ಲಿನ ಸಾಮಗ್ರಿ ತಯಾರಿಸುವ ಕಂಪನಿಗಳದ್ದು ಅಥವಾ ವ್ಯಾಪಾರಿಗಳದ್ದು. ಅವುಗಳಲ್ಲಿ ಅತ್ಯಂತ ಪ್ರತಿಷ್ಠಿತವಾದ ‘ಡೆಂಟಲ್ ಕಾಸ್ಮೋಸ್’ 1859ರಲ್ಲಿ ಹುಟ್ಟಿ 1936ರವರೆಗೆ ನಡೆಯಿತು. ಅದನ್ನು ನಡೆಸುತ್ತಿದ್ದುದು ಕೃತಕ ಹಲ್ಲು ಮತ್ತು ಉಪಕರಣಗಳನ್ನು ಮಾರುತ್ತಿದ್ದ ಎಸ್.ಎಸ್. ವೈಟ್ ಕಂಪನಿ. ವೈದ್ಯನಿಗೆ ಕುರ್ಚಿ ಮಾರುವವನೇ ಅವನಿಗೆ ಜ್ಞಾನವನ್ನೂ ಒದಗಿಸುವ ಏರ್ಪಾಡು ಇದು. ನ್ಯಾಯವಾಗಿ ಹೇಳಬೇಕೆಂದರೆ ಅದರಲ್ಲಿ ಒಳ್ಳೆಯ ಲೇಖನಗಳೂ ಬಂದವು. ಅದರಲ್ಲೊಂದನ್ನು ಮುಂದೆ ಪ್ರಸ್ತಾಪಿಸುತ್ತೇನೆ. ಆದರೆ ಮಾಲೀಕನ ಸರಕಿನ ವಿರುದ್ಧ ಬರೆಯಬೇಕಾಗಿ ಬಂದಾಗ ಸಂಪಾದಕ ಏನು ಮಾಡಬೇಕು ಎಂಬ ಪ್ರಶ್ನೆಗೆ ಆ ವ್ಯವಸ್ಥೆಯಲ್ಲಿ ಉತ್ತರವಿರಲಿಲ್ಲ.

ಉತ್ತರ ಹುಡುಕಿದವರು ವಿಲಿಯಂ ಗೀಸ್. ಅವರು ದಂತವೈದ್ಯರೇ ಅಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ವಿಜ್ಞಾನದ ಪ್ರಾಧ್ಯಾಪಕರು. ವ್ಯಾಪಾರದ ಹಂಗಿಲ್ಲದೆ ಸಂಶೋಧನೆಯನ್ನೇ ಪ್ರಕಟಿಸುವ ಪತ್ರಿಕೆ ಬೇಕೆಂದು 1919ರಲ್ಲಿ ‘ಜರ್ನಲ್ ಆಫ್ ಡೆಂಟಲ್ ರಿಸರ್ಚ್’ ಆರಂಭಿಸಿದರು. ಮರುವರ್ಷ, 1920ರ ಡಿಸೆಂಬರ್‌ನಲ್ಲಿ, ಅಂತರರಾಷ್ಟ್ರೀಯ ದಂತ ಸಂಶೋಧನಾ ಸಂಘ ನ್ಯೂಯಾರ್ಕಿನಲ್ಲಿ ಸ್ಥಾಪನೆಯಾಯಿತು. ಪತ್ರಿಕೆ ಮೊದಲು, ಸಂಘ ಆಮೇಲೆ ಎಂಬ ಈ ಅನುಕ್ರಮ ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ನಮ್ಮಲ್ಲಿ ಸಂಘ ಮೊದಲು, ಪದಾಧಿಕಾರಿಗಳ ಭಾವಚಿತ್ರ ಆಮೇಲೆ, ಪತ್ರಿಕೆ ಎಂದಾದರೊಮ್ಮೆ. ಇದೇ ಗೀಸ್ 1926ರಲ್ಲಿ ಕಾರ್ನೆಗಿ ಪ್ರತಿಷ್ಠಾನಕ್ಕಾಗಿ ಅಮೆರಿಕ ಮತ್ತು ಕೆನಡಾದ ದಂತ ವೈದ್ಯಕೀಯ ಶಿಕ್ಷಣದ ಬಗ್ಗೆ ಬೃಹತ್ ವರದಿ ಬರೆದರು. ಲಾಭಕ್ಕಾಗಿ ನಡೆಯುವ ಕಾಲೇಜುಗಳು ಹೋಗಬೇಕು, ದಂತ ಶಿಕ್ಷಣ ವಿಶ್ವವಿದ್ಯಾಲಯಗಳ ಆಶ್ರಯಕ್ಕೆ ಬರಬೇಕು ಎಂಬುದು ಅದರ ತಿರುಳು. ಪತ್ರಿಕೆ ಹಾಗೂ ವರದಿ ಎರಡೂ ಒಂದೇ ಚಿಂತನೆಯ ಎರಡು ಕೈಗಳು. ಮುನ್ನೂರಕ್ಕೂ ಹೆಚ್ಚು ದಂತ ಕಾಲೇಜುಗಳಿರುವ, ಅವುಗಳಲ್ಲಿ ಬಹುಪಾಲು ಖಾಸಗಿಯಾಗಿರುವ ದೇಶದಲ್ಲಿ ಕುಳಿತು ಆ ವರದಿಯ ಬಗ್ಗೆ ಓದುವುದು ಮುಜುಗರದ ಅನುಭವ.

ಇಂಥ ಪತ್ರಿಕೆಯಿಂದ ಓದುಗನಿಗೆ ಏನು ಸಿಕ್ಕಿತು? ತಮ್ಮ ಹಲ್ಲಿಗೆ ಹಲ್ಲಿನ ಬಣ್ಣದ್ದೇ ಫಿಲ್ಲಿಂಗ್ ಹಾಕಿಸಿಕೊಂಡಿರುವ ಯಾರೇ ಆದರೂ ಉತ್ತರವನ್ನು ಬಾಯಲ್ಲೇ ಇಟ್ಟುಕೊಂಡಿದ್ದಾರೆ. 1955ರಲ್ಲಿ ರಾಚೆಸ್ಟರ್ ನಗರದ ಮೈಕೆಲ್ ಬೂನೊಕೋರ್ ಎಂಬವರು ಈ ಪತ್ರಿಕೆಯಲ್ಲಿ ಐದು ಪುಟಗಳ ಲೇಖನವೊಂದನ್ನು ಪ್ರಕಟಿಸಿದರು. ಲೋಹಕ್ಕೆ ಬಣ್ಣ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಸವರುವುದನ್ನು ಗಮನಿಸಿದ್ದ ಅವರು, ಅದನ್ನೇ ಹಲ್ಲಿನ ಹೊರಕವಚಕ್ಕೆ ಮೂವತ್ತು ಸೆಕೆಂಡು ಸವರಿ ತೊಳೆದರು. ನುಣುಪಾದ ಕವಚದಲ್ಲಿ ಕಣ್ಣಿಗೆ ಕಾಣದ ರಂಧ್ರಗಳೆದ್ದು, ಅದಕ್ಕೆ ಅಂಟಿಸಿದ ಪ್ಲಾಸ್ಟಿಕ್ ಬಿಡದೆ ಕಚ್ಚಿಕೊಂಡಿತು. ಅಲ್ಲಿಯವರೆಗೆ ಫಿಲ್ಲಿಂಗ್ ನಿಲ್ಲಬೇಕಾದರೆ ಆರೋಗ್ಯಕರ ಹಲ್ಲನ್ನೂ ಕೊರೆದು ಗೂಡು ಮಾಡಬೇಕಾಗಿತ್ತು. ಆ ಕೊರೆತವನ್ನು ಬಹುಮಟ್ಟಿಗೆ ತಪ್ಪಿಸಿದ್ದು ಈ ಐದು ಪುಟಗಳು. ಪ್ರಕಟವಾದಾಗ ಅದು ಗಲಭೆಯನ್ನೇನೂ ಎಬ್ಬಿಸಲಿಲ್ಲ. ಸೂಕ್ತ ಅಂಟುಗಳು ಬಂದು ಆ ವಿಧಾನ ವೈದ್ಯರ ಕೈಗೆ ಇಳಿಯಲು ವರ್ಷಗಳೇ ಹಿಡಿದವು. ಎರಡು ವರ್ಷಗಳ ಉಲ್ಲೇಖಗಳನ್ನು ಎಣಿಸುವ ಇಂದಿನ ಅಳತೆಗೋಲಿನಲ್ಲಿ ಬೂನೊಕೋರ್ ಅವರಿಗೆ ಎಷ್ಟು ಅಂಕ ಸಿಗುತ್ತಿತ್ತೋ ಹೇಳಲಾರೆ.

ಇನ್ನು, ಹಲ್ಲಿನ ಕಲೆಯ ಕಥೆ. ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ 1901ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಹೋದಾಗ ಅಲ್ಲಿನವರ ಹಲ್ಲುಗಳು ಕಂದುಬಣ್ಣಕ್ಕೆ ತಿರುಗಿರುವುದನ್ನು ಕಂಡರು. ಊರಿನವರಿಗೆ ಅದು ಅಭ್ಯಾಸವಾಗಿ ಹೋಗಿತ್ತು. ಮೆಕೇ ಬಿಡಲಿಲ್ಲ. ಆ ಕಾಲದ ಹಿರಿಯ ದಂತ ವಿಜ್ಞಾನಿ ಜಿ.ವಿ. ಬ್ಲ್ಯಾಕ್ ಅವರನ್ನು 1909ರಲ್ಲಿ ಅಲ್ಲಿಗೇ ಕರೆಸಿಕೊಂಡರು. ಬ್ಲ್ಯಾಕ್ ತೀರಿಕೊಂಡ ನಂತರ, 1916ರಲ್ಲಿ, ಅವರಿಬ್ಬರ ಬರಹ ಪ್ರಕಟವಾದದ್ದು ಹಿಂದೆ ಹೇಳಿದ ಅದೇ ‘ಡೆಂಟಲ್ ಕಾಸ್ಮೋಸ್’ನಲ್ಲಿ. ಕಾರಣ ಪತ್ತೆಯಾಗಲು ಇನ್ನೂ ಹದಿನೈದು ವರ್ಷ ಬೇಕಾಯಿತು. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನ ವಿಜ್ಞಾನಿ ಚರ್ಚಿಲ್, ತಮ್ಮ ಕಂಪನಿಯ ಪಾತ್ರೆಗಳ ಮೇಲೆ ಅಪವಾದ ಬಾರದಿರಲೆಂದು ನೀರನ್ನು ಪರೀಕ್ಷಿಸಿ ಫ್ಲೋರೈಡ್‌ ಅನ್ನು ಗುರುತಿಸಿದರು. ಆನಂತರ ಟ್ರೆಂಡ್ಲಿ ಡೀನ್ ಊರೂರು ಸುತ್ತಿ, ನೀರಿನಲ್ಲಿ ಎಷ್ಟು ಫ್ಲೋರೈಡ್ ಇದ್ದರೆ ಹಲ್ಲು ಹುಳುಕಾಗದೆ ಉಳಿಯುತ್ತದೆ, ಎಷ್ಟಾದರೆ ಕಂದುತ್ತದೆ ಎಂಬುದನ್ನು ಅಳೆದರು. 1945ರ ಜನವರಿಯಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ಕುಡಿಯುವ ನೀರಿಗೆ ಅಳತೆಯ ಫ್ಲೋರೈಡ್ ಬೆರೆಸುವ ಕೆಲಸ ಆರಂಭವಾಯಿತು.

ನಮ್ಮಲ್ಲಿಯೂ ಇದು ಗೊತ್ತಿರಲಿಲ್ಲವೆಂದಲ್ಲ. ನೆಲ್ಲೂರು ಜಿಲ್ಲೆಯ ಜನರ ಹಲ್ಲು ಮತ್ತು ಮೂಳೆಗಳ ಮೇಲೆ ಫ್ಲೋರೈಡ್ ಮಾಡಿದ ಹಾನಿಯ ವರದಿ 1937ರಲ್ಲೇ ಪ್ರಕಟವಾಗಿತ್ತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದೆಂಬ ಮಿತಿ ಇಂದು ಯಾವ ಎಂಜಿನಿಯರನ್ನು ಕೇಳಿದರೂ ಹೇಳುತ್ತಾನೆ. ನನ್ನ ಸೋದರ ಸೊಸೆ ಪಾವಗಡದ ಮಕ್ಕಳ ಹಲ್ಲನ್ನು ವಿಂಗಡಿಸಲು ಬಳಸಿದ್ದು ಡೀನ್ ಅವರ ಅದೇ ಹಳೆಯ ಕ್ರಮವನ್ನು. ಅಂದರೆ ಮೆಕೇ ಕಂಡದ್ದೂ ಒಂದು ‘ಸ್ಥಳೀಯ’ ವಿಷಯವೇ. ಅದನ್ನು ಮುಂದಕ್ಕೆ ಒಯ್ಯಲು ಒಂದು ಪತ್ರಿಕೆ ಹಾಗೂ ಅದರ ಓದುಗರಿದ್ದರು ಎಂಬುದಷ್ಟೇ ವ್ಯತ್ಯಾಸ.

ಭಾರತದಲ್ಲಿ ಈ ಕೆಲಸಕ್ಕೆ ಆರಂಭ ಚೆನ್ನಾಗಿಯೇ ಆಗಿತ್ತು. 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತ ಕಾಲೇಜು ತೆರೆದ ಡಾ. ರಫಿಯುದ್ದೀನ್ ಅಹಮದ್ ಅವರು 1925ರಲ್ಲಿ ‘ಇಂಡಿಯನ್ ಡೆಂಟಲ್ ಜರ್ನಲ್’ ಹೊರತಂದರು. ಮುಂದೆ 1948ರಲ್ಲಿ ದಂತವೈದ್ಯರ ಕಾಯಿದೆ ಬಂದಿತು, ಮರುವರ್ಷ ದಂತ ವೈದ್ಯಕೀಯ ಪರಿಷತ್ತು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ ಪ್ರಾರಂಭವಾಯಿತು. ಭಾರತೀಯ ದಂತ ಸಂಶೋಧನಾ ಸಂಘದ ಮುಖವಾಣಿಯಾಗಿ ‘ಇಂಡಿಯನ್ ಜರ್ನಲ್ ಆಫ್ ಡೆಂಟಲ್ ರಿಸರ್ಚ್’ ಇದೆ. ಇದಲ್ಲದೆ ವಸಡು, ಮಕ್ಕಳ ಹಲ್ಲು, ವಕ್ರದಂತ, ಬಾಯಿಯ ರೋಗಪತ್ತೆ ಹೀಗೆ ಒಂದೊಂದು ಶಾಖೆಯ ತಜ್ಞರ ಸಂಘಕ್ಕೂ ಒಂದೊಂದು ಪತ್ರಿಕೆ. ಮುಂಬೈನ ಮೆಡ್‌ನೋ ಎಂಬ ಪ್ರಕಾಶನ ಸಂಸ್ಥೆ ಇಂಥ ಅನೇಕ ಸಂಘಗಳ ಪತ್ರಿಕೆಗಳನ್ನು ಅಂತರಜಾಲಕ್ಕೆ ತಂದು ಹೊರದೇಶದವರ ಕಣ್ಣಿಗೆ ಬೀಳುವಂತೆ ಮಾಡಿತು. 2011ರಲ್ಲಿ ಅದು ವೋಲ್ಟರ್ಸ್ ಕ್ಲುವರ್ ಎಂಬ ಬಹುರಾಷ್ಟ್ರೀಯ ಕಂಪನಿಯ ಪಾಲಾಯಿತು. ಬೆಳವಣಿಗೆ ಎಂದರೆ ಪುಟಗಳ ಸಂಖ್ಯೆ ಎನ್ನುವುದಾದರೆ ಹೆಮ್ಮೆಪಡಲು ಬೇಕಾದಷ್ಟಿದೆ.

ನನ್ನ ತಕರಾರು ಇರುವುದು ಇಲ್ಲಿಯೇ. ಸಂಶೋಧನಾ ಪತ್ರಿಕೆಗೆ ಹಣ ಕೊಡುವವರು ಯಾರು ಎಂಬುದರ ಮೇಲೆ ಅದರ ಗುಣ ನಿಂತಿದೆ. ಸಾಮಗ್ರಿ ಮಾರುವವನು ಕೊಟ್ಟರೆ ಏನಾಗುತ್ತದೆಂಬುದನ್ನು ಗೀಸ್ ಕಂಡಿದ್ದರು. ಓದುಗ ಅಥವಾ ಗ್ರಂಥಾಲಯ ಕೊಟ್ಟರೆ, ಕಳಪೆ ಪತ್ರಿಕೆಯ ಚಂದಾ ನಿಲ್ಲಿಸುವ ಅಧಿಕಾರವಾದರೂ ಅವರಿಗಿರುತ್ತದೆ. ನನ್ನಂಥ ಅಧಿಕಾರಿಗಳು ಒಳ್ಳೆಯದರ ಚಂದಾವನ್ನೂ ನಿಲ್ಲಿಸುವ ಅಪಾಯ ಅಲ್ಲಿಯೇ ಇದೆ. ಈಗ ಬಂದಿರುವ ಮೂರನೆಯ ವ್ಯವಸ್ಥೆಯಲ್ಲಿ ಹಣ ಕೊಡುವವನು ಲೇಖಕ. ಓದುಗನಿಗೆ ಉಚಿತ ಎಂಬ ಉದಾತ್ತ ಧ್ಯೇಯದಿಂದ ಇದು ಹುಟ್ಟಿತು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಇದರಲ್ಲಿ ತಿರಸ್ಕರಿಸಿದ ಪ್ರತಿ ಲೇಖನವೂ ಪ್ರಕಾಶಕನಿಗೆ ನಷ್ಟ, ಸ್ವೀಕರಿಸಿದ ಪ್ರತಿಯೊಂದೂ ಆದಾಯ. ತಿರಸ್ಕರಿಸುವುದೇ ಸಂಪಾದಕನ ಮುಖ್ಯ ಕೆಲಸವಾಗಿರುವ ಉದ್ಯಮದಲ್ಲಿ ಇದಕ್ಕಿಂತ ತಲೆಕೆಳಗಾದ ಪ್ರೋತ್ಸಾಹ ಬೇರೊಂದಿಲ್ಲ.

ಇದರ ಮೇಲೆ ಬಡ್ತಿಯ ಅಂಕಗಳು ಬಂದು ಕುಳಿತವು. ಅಧ್ಯಾಪಕರು ಸಂಶೋಧನೆ ಮಾಡಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ನಿಯಮ ಮಾಡಲಾಯಿತು. ದಿನವಿಡೀ ಹೊರರೋಗಿಗಳ ವಿಭಾಗದಲ್ಲಿ ನಿಂತು, ವಿದ್ಯಾರ್ಥಿಗಳಿಗೆ ಪಾಠ ಹೇಳಿ, ಪ್ರಯೋಗಾಲಯವಾಗಲೀ ಅನುದಾನವಾಗಲೀ ಇಲ್ಲದ ಅಧ್ಯಾಪಕ ಏನು ಮಾಡಬೇಕು? ಬೆಲೆ ಎಷ್ಟೇ ಆದರೂ ಕೊಳ್ಳಲೇಬೇಕಾದ ಗ್ರಾಹಕನಾಗುತ್ತಾನೆ. ಜಾರ್ಜ್ ಅಕೆರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಿಸಿ ತೋರಿಸಿದ ಸತ್ಯವೊಂದಿದೆ. ಕೊಳ್ಳುವವನಿಗೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದಿದ್ದರೆ ಕೆಟ್ಟ ಕಾರು ಒಳ್ಳೆಯದನ್ನು ಮಾರುಕಟ್ಟೆಯಿಂದ ಓಡಿಸುತ್ತದೆ. ನಮ್ಮ ಬಡ್ತಿ ಸಮಿತಿಗಳು ಲೇಖನವನ್ನು ಓದುವುದಿಲ್ಲ, ಎಣಿಸುತ್ತವೆ. ಎಣಿಸುವವನಿಗೆ ಎಲ್ಲ ಕಾರುಗಳೂ ಒಂದೇ.

ಪರಿಣಾಮವನ್ನು ಅಂಕಿ ಅಂಶಗಳೇ ಹೇಳುತ್ತವೆ. ಫಿನ್ಲೆಂಡಿನ ಇಬ್ಬರು ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಹುಸಿ ಪತ್ರಿಕೆಗಳಲ್ಲಿ 2010ರಲ್ಲಿ ಅಂದಾಜು 53 ಸಾವಿರ ಲೇಖನಗಳು ಬಂದಿದ್ದರೆ 2014ರಲ್ಲಿ ಆ ಸಂಖ್ಯೆ 4 ಲಕ್ಷ 20 ಸಾವಿರಕ್ಕೇರಿತ್ತು. ಒಂದು ಲೇಖನದ ಸರಾಸರಿ ಶುಲ್ಕ 178 ಡಾಲರ್. ಅವರು ನೋಡಿದ ಲೇಖಕರಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಭಾರತದವರು. ಇದು ಎಲ್ಲ ವಿಷಯಗಳಿಗೂ ಸೇರಿದ ಲೆಕ್ಕ. ದಂತ ವಿಜ್ಞಾನ ಇದಕ್ಕೆ ಹೊರತಲ್ಲ. 2023ರಲ್ಲಿ ‘ಸೈನ್ಸ್’ ನಿಯತಕಾಲಿಕೆ ಚೆನ್ನೈನ ದಂತ ವೈದ್ಯಕೀಯ ಸಂಸ್ಥೆಯೊಂದರ ಬಗ್ಗೆ ವರದಿ ಪ್ರಕಟಿಸಿತು. ಪದವಿ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಕುಳಿತು ಸಂಶೋಧನಾ ಲೇಖನ ಬರೆಯುತ್ತಾರೆ, ಅವು ಪ್ರಕಟವಾಗುತ್ತವೆ, ಸಂಸ್ಥೆಯ ಹಳೆಯ ಲೇಖನಗಳನ್ನು ಅವುಗಳಲ್ಲಿ ಉಲ್ಲೇಖಿಸಲಾಗುತ್ತದೆ, ಸಂಸ್ಥೆಯ ಶ್ರೇಯಾಂಕ ಏರುತ್ತದೆ ಎಂಬುದು ಅದರ ಸಾರಾಂಶ. ಪತ್ರಿಕೆಯ ತೂಕ ನೋಡಲು ಯೂಜೀನ್ ಗಾರ್ಫೀಲ್ಡ್ ರೂಪಿಸಿದ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬ ಅಳತೆ, ಗ್ರಂಥಪಾಲಕರು ಮತ್ತು ಸೂಚಿ ತಯಾರಕರ ಉಪಯೋಗಕ್ಕೆ ಬಂದದ್ದು, ಮನುಷ್ಯರ ಸಂಬಳ ನಿರ್ಧರಿಸುವ ತಕ್ಕಡಿಯಾಗಿಬಿಟ್ಟಿದೆ.

ಸರ್ಕಾರ ಸುಮ್ಮನಿರಲಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2017ರಲ್ಲಿ ಮಾನ್ಯ ಪತ್ರಿಕೆಗಳ ಪಟ್ಟಿ ಮಾಡಿತು. 2018ರ ಮೇ ತಿಂಗಳಲ್ಲಿ ಅದರಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಆಮೇಲೆ ಹೊಸ ಪಟ್ಟಿ ಮಾಡಿ, 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟು, ಆಯ್ಕೆಯ ಹೊಣೆಯನ್ನು ಸಂಸ್ಥೆಗಳಿಗೇ ವಹಿಸಿತು. ಪಟ್ಟಿ ಮಾಡುವುದು ನಮ್ಮ ಆಡಳಿತದ ಹಳೆಯ ಚಟ. ನಾನೂ ಅನೇಕ ಪಟ್ಟಿಗಳನ್ನು ಮಾಡಿದವನೇ. ಪಟ್ಟಿಯಲ್ಲಿ ಸೇರುವುದೇ ಒಂದು ವ್ಯಾಪಾರವಾಗುತ್ತದೆ ಎಂಬುದು ಪಡಿತರ ಚೀಟಿಯ ಕಾಲದಿಂದ ನನಗೆ ತಿಳಿದಿದೆ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಮಾತ್ರ ನಿಜಕ್ಕೂ ದೊಡ್ಡ ಹೆಜ್ಜೆ. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ, ಮೂವತ್ತು ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು. 1991ರಲ್ಲಿ ನಾನು ಮಾಡಿದ ತಪ್ಪಿಗೆ ಯಾರೋ ಬಡ್ಡಿ ಸಮೇತ ಪರಿಹಾರ ಕೊಟ್ಟಂತೆ ಕಂಡಿತು. ಆದರೆ ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಕರ್ನಾಟಕದಲ್ಲಿ ಸರ್ಕಾರಿ ದಂತ ಕಾಲೇಜುಗಳನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದು, ಉಳಿದವೆಲ್ಲ ಖಾಸಗಿ. ಹೆಚ್ಚಿನ ದಂತ ಅಧ್ಯಾಪಕರು ಇರುವುದು ಎಲ್ಲಿಯೋ ಅಲ್ಲಿಗೆ ಆ ನೀರು ಹರಿಯುವುದಿಲ್ಲ. ಇನ್ನೂ ಒಂದು ಮಾತು: ಈ ಹಣ ನಾವು ಓದುವುದಕ್ಕೆ, ನಾವು ಪ್ರಕಟಿಸುವುದಕ್ಕಲ್ಲ. ಹೊರಗಿನ ಪ್ರಕಾಶಕರಿಗೆ ಇಷ್ಟು ಕೊಡಬಲ್ಲ ಸರ್ಕಾರ, ಅದರ ನೂರನೆಯ ಒಂದು ಭಾಗವನ್ನು ನಮ್ಮ ಸಂಘಗಳ ಹತ್ತಾರು ಒಳ್ಳೆಯ ಪತ್ರಿಕೆಗಳ ಸಂಪಾದನಾ ವೆಚ್ಚಕ್ಕೆ ಕೊಟ್ಟರೆ, ಲೇಖಕನೂ ಓದುಗನೂ ಹಣ ಕೊಡುವ ಅಗತ್ಯವೇ ಇರದು. ಇದು ಕನಸಲ್ಲ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಪತ್ರಿಕೆಗಳಲ್ಲಿ ಬರೆಯಲು ಲೇಖಕರಿಂದ ಹಣ ಪಡೆಯುವುದಿಲ್ಲ. ಬ್ರೆಜಿಲ್ 1998ರಿಂದ ‘ಸೈಲೊ’ ಎಂಬ ಜಾಲದ ಮೂಲಕ ತನ್ನ ದೇಶದ ಪತ್ರಿಕೆಗಳನ್ನು ಸಾರ್ವಜನಿಕ ಹಣದ ನೆರವಿನಿಂದ ಲೋಕಕ್ಕೆ ತೆರೆದಿಟ್ಟಿದೆ.

ಸರ್ಕಾರದ ಹಣ ಬಂದರೆ ಸರ್ಕಾರದ ಕೈಯೂ ಬರುತ್ತದೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ಹಗುರವಾದದ್ದಲ್ಲ, ನಮ್ಮ ರಾಜ್ಯದಲ್ಲಂತೂ ಅಲ್ಲ. ಅಡಿಕೆಯ ಉದಾಹರಣೆ ನೋಡೋಣ. ಅಡಿಕೆ ಜಗಿಯುವವರ ಬಾಯಿಯ ಒಳಪದರ ಬಿಗಿದು ಬಾಯಿ ತೆರೆಯಲಾಗದ ರೋಗವನ್ನು 1952ರಲ್ಲಿ ಕೀನ್ಯಾದಲ್ಲಿದ್ದ ಭಾರತೀಯ ಮೂಲದ ಮಹಿಳೆಯರಲ್ಲಿ ಗುರುತಿಸಲಾಯಿತು. ಮರುವರ್ಷ ನಮ್ಮಲ್ಲಿಯೇ ಡಾ. ಜೋಶಿ ಅದನ್ನು ವಿವರಿಸಿದರು. 1960ರ ದಶಕದಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಡಾ. ಫಾಲಿ ಮೆಹ್ತಾ ಮತ್ತು ಡೆನ್ಮಾರ್ಕಿನ ಪಿಂಡ್‌ಬೋರ್ಗ್ ಹಳ್ಳಿಹಳ್ಳಿಗಳ ಮನೆಮನೆಗೆ ತಂಡಗಳನ್ನು ಕಳುಹಿಸಿ ಜನರ ಬಾಯಿ ಪರೀಕ್ಷಿಸಿದರು. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವರದಿ, ತಂಬಾಕು ಬೆರೆಯದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಹೇಳಿತು. ಮಲೆನಾಡು ಮತ್ತು ಕರಾವಳಿಯ ಬೆಳೆಗಾರರಿಗೆ ಇದು ಬದುಕಿನ ಪ್ರಶ್ನೆ. ಅವರು ಇದನ್ನು ಒಪ್ಪುವುದಿಲ್ಲ, ಗುಟ್ಕಾದ ಪಾಪವನ್ನು ಅಡಿಕೆಗೆ ಹೊರಿಸಲಾಗಿದೆ ಎನ್ನುತ್ತಾರೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ, ಹಾಗೆಯೇ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳ ಸಾಲಿನಲ್ಲಿ ನಿಲ್ಲುವ ಕರ್ನಾಟಕದಿಂದಲ್ಲವೇ ಇದಕ್ಕೆ ಇತ್ಯರ್ಥದ ಸಂಶೋಧನೆ ಬರಬೇಕಾದದ್ದು? ಬೆಳೆಗಾರರ ಸಂಘದ ಹಣದಿಂದಲೂ ಅಲ್ಲ, ಮಂತ್ರಿಗಳ ಇಚ್ಛೆಯಿಂದಲೂ ಅಲ್ಲ. ಯಾರ ಹಣವೇ ಆಗಲಿ, ಸಂಪಾದಕನನ್ನು ತೆಗೆಯುವ ಅಧಿಕಾರ ಹಣ ಕೊಟ್ಟವನ ಕೈಯಲ್ಲಿರಬಾರದು. ಅದು ಕಾನೂನಿನ ಪತ್ರದಲ್ಲಿ ಬರೆದಿರಬೇಕು.

ಈ ಎಚ್ಚರಿಕೆ ಅತಿಯಾಯಿತೆನ್ನುವವರಿಗೆ ಸಕ್ಕರೆಯ ಕಥೆಯಿದೆ. 2015ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಹಳೆಯ ಕಾಗದಪತ್ರಗಳನ್ನು ಕೆದಕಿ ತೋರಿಸಿದ್ದೇನೆಂದರೆ, 1971ರಲ್ಲಿ ಅಮೆರಿಕ ಸರ್ಕಾರ ದಂತಕ್ಷಯದ ವಿರುದ್ಧ ರೂಪಿಸಿದ ಸಂಶೋಧನಾ ಕಾರ್ಯಕ್ರಮದ ಮೊದಲ ಪ್ರಕಟಣೆಗೆ ಸಕ್ಕರೆ ಉದ್ಯಮ ಸಲ್ಲಿಸಿದ್ದ ಸಲಹೆಗಳ ಬಹುಪಾಲು ನೇರವಾಗಿ ಹೋಗಿ ಸೇರಿತ್ತು. ಸಕ್ಕರೆ ಕಡಿಮೆ ತಿನ್ನಿ ಎನ್ನುವುದನ್ನು ಬಿಟ್ಟು ಉಳಿದೆಲ್ಲ ಮಾರ್ಗಗಳ ಬಗ್ಗೆ ಸಂಶೋಧನೆ ನಡೆಯಿತು. ನಮ್ಮ ಮಂಡ್ಯ ಬೆಳಗಾವಿಗಳ ಓದುಗರು ನಗಬಹುದು.

ಹಾಗಾದರೆ ಮುಂದೆ ನಮ್ಮ ದಂತ ಸಂಶೋಧನಾ ಪತ್ರಿಕೆ ಹೇಗಿರಬೇಕು? ಪರಿಣತರು ಹೇಳಬೇಕಾದ ಮಾತಿದು. ಆದರೂ ತೆರಿಗೆದಾರನಾಗಿ, ಎರಡು ಕೃತಕ ಹಲ್ಲುಗಳ ಮಾಲೀಕನಾಗಿ, ಒಂದೆರಡು ಅಪೇಕ್ಷೆಗಳನ್ನು ಹೇಳಿಕೊಳ್ಳಬಹುದೆಂದು ಭಾವಿಸುತ್ತೇನೆ. ವರ್ಷಕ್ಕೆ ನೂರು ಲೇಖನ ಬೇಡ, ಮೂವತ್ತು ಸಾಕು. ಪರಿಶೀಲಿಸುವ ತಜ್ಞರಿಗೆ ಗೌರವಧನ ಕೊಡಲಿ. ಉಚಿತವಾಗಿ ಮಾಡಿಸಿಕೊಂಡ ಕೆಲಸಕ್ಕೆ ಉತ್ತರದಾಯಿತ್ವ ಕೇಳಲಾಗದು. ಫಲ ನೀಡದ ಚಿಕಿತ್ಸೆಯ ವರದಿಗೂ ಜಾಗ ಕೊಡಲಿ. ಯಾವ ಹಳ್ಳಿ, ಯಾವ ಕೊಳವೆಬಾವಿ, ಎಷ್ಟು ಮಕ್ಕಳು ಎಂಬ ಮೂಲ ಲೆಕ್ಕವನ್ನು ಲೇಖನದೊಡನೆಯೇ ಬಹಿರಂಗಪಡಿಸಲಿ, ಮುಂದಿನ ತಹಸೀಲ್ದಾರನಿಗೆ ಅದು ಉಪಯೋಗಕ್ಕೆ ಬರುವಂತೆ. ಪ್ರತಿ ಲೇಖನಕ್ಕೂ ಒಂದು ಪುಟದ ಕನ್ನಡ ಸಾರಾಂಶವಿರಲಿ. ಹಳ್ಳಿಯ ನೀರಗಂಟಿ ಅದನ್ನು ಓದುತ್ತಾನೆಂಬ ಭ್ರಮೆ ನನಗಿಲ್ಲ, ಆದರೆ ಜಿಲ್ಲಾ ಪಂಚಾಯಿತಿಯ ಅಧಿಕಾರಿ ಓದಿಯಾನು. ಯಂತ್ರವೇ ಲೇಖನ ಬರೆದುಕೊಡುವ ಈ ದಿನಗಳಲ್ಲಿ ಪುಟಗಳಿಗೆ ಬರವಿಲ್ಲ. ಬಾಯಿ ತೆರೆಸಿ ನೋಡಿದವರ ಲೆಕ್ಕಕ್ಕೆ ಮಾತ್ರ ಬರ. ಬಡ್ತಿ ಸಮಿತಿಗಳ ಬಗ್ಗೆ ನನ್ನದು ಒಂದೇ ಸಲಹೆ: ಅಭ್ಯರ್ಥಿಯ ಒಂದೇ ಒಂದು ಲೇಖನವನ್ನು ಕೇಳಿ, ಅದನ್ನು ಸಂದರ್ಶನಕ್ಕೆ ಮೊದಲು ಪೂರ್ತಿ ಓದಿ ಬನ್ನಿ. 1948ರ ಕಾಯಿದೆಯ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯಿದೆಯನ್ನು ಅಂಗೀಕರಿಸಿದೆ. ಅಂಕಪಟ್ಟಿಯನ್ನು ಹೊಸದಾಗಿ ಬರೆಯಲು ಇದು ಸಮಯ.

ಆ ಭಾನುವಾರ ನಾನು ನನ್ನ ಸೋದರ ಸೊಸೆಗೆ ಹಣ ಕೊಡುತ್ತೇನೆಂದೆ, ಆದರೆ ಆ ಪತ್ರಿಕೆಗೆ ಕಳುಹಿಸಬೇಡವೆಂದು ಕೇಳಿಕೊಂಡೆ. ‘ನಿಮಗೆ ಪಿಂಚಣಿ ಬರುತ್ತೆ ಮಾಮ, ನನಗೆ ಬಡ್ತಿ ಬೇಕು’ ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಎರಡು ದಿನ ಬಿಟ್ಟು ದೂರವಾಣಿ ಮಾಡಿ, ಲೇಖನವನ್ನು ಹಣ ಕೇಳದ ಪತ್ರಿಕೆಯೊಂದಕ್ಕೆ ಕಳುಹಿಸಿರುವುದಾಗಿ ತಿಳಿಸಿದಳು. ಮಾರ್ಚ್ ಸಂದರ್ಶನದಲ್ಲಿ ಆಕೆಗೆ ರೀಡರ್ ಹುದ್ದೆ ಸಿಗಲಿಲ್ಲ. ಆಕೆಗಿಂತ ಎರಡು ವರ್ಷ ಕಿರಿಯರೊಬ್ಬರಿಗೆ ಸಿಕ್ಕಿತು. ತಂಗಿ ನನ್ನೊಡನೆ ಮೂರು ವಾರ ಸರಿಯಾಗಿ ಮಾತನಾಡಲಿಲ್ಲ.

ಜೂನ್‌ನಲ್ಲಿ ಇಬ್ಬರು ಪರಿಶೀಲಕರ ಅಭಿಪ್ರಾಯ ಬಂದಿತು, ಒಟ್ಟು ನಾಲ್ಕು ಪುಟ. ಒಬ್ಬರು ಹಲ್ಲುಗಳ ವಿಂಗಡಣೆಯನ್ನು ಎರಡನೆಯ ಪರೀಕ್ಷಕರಿಂದ ಮಾಡಿಸಿದ್ದೀರಾ ಎಂದು ಕೇಳಿದ್ದರು. ಇನ್ನೊಬ್ಬರು, ನೀರಿನ ಮಾದರಿಗಳನ್ನು ಮಳೆಗಾಲದ ನಂತರ ಮಾತ್ರ ತೆಗೆಯಲಾಗಿದೆ, ಬೇಸಿಗೆಯಲ್ಲಿ ಕೊಳವೆಬಾವಿಯ ಮಟ್ಟ ಇಳಿದಾಗ ಫ್ಲೋರೈಡ್ ಎಷ್ಟಿರುತ್ತದೆ, ಶಾಲೆಯಲ್ಲಿ ಕುಡಿಯುವ ನೀರು ಬೇರೆ, ಮನೆಯದು ಬೇರೆಯೇ ಎಂದು ಪ್ರಶ್ನಿಸಿದ್ದರು. ‘ಇದನ್ನು ನಾನೇ ಯೋಚಿಸಬೇಕಾಗಿತ್ತು’ ಎಂದು ಆಕೆ ಗೊಣಗಿದಳು. ಬೇಸಿಗೆಗಾಗಿ ಕಾಯುವುದು ಅನಿವಾರ್ಯವಾಯಿತು. ಎಂಟು ಹಳ್ಳಿಗಳಿಗೆ ಎಷ್ಟು ಪ್ಲಾಸ್ಟಿಕ್ ಬಾಟಲಿ ಬೇಕು, ಪಾವಗಡದಿಂದ ಬಸ್ಸು ಯಾವ ಹೊತ್ತಿಗಿದೆ ಎಂದು ನನ್ನನ್ನೇ ಕೇಳಿದಳು. ನನಗೆ ಗೊತ್ತಿದ್ದ ಬಸ್ಸುಗಳ ವೇಳೆ ನಲವತ್ತು ವರ್ಷ ಹಳೆಯದು. ಆ ಇಪ್ಪತ್ತೆರಡು ಸಾವಿರದಲ್ಲಿ ಸ್ವಲ್ಪ ಭಾಗ ಈಗ ನೀರಿನ ಪರೀಕ್ಷೆಗೆ ಹೋಗಲಿದೆ.